ಪೆಟ್ರೋಲ್ ಚಾಲಿತ ಸಣ್ಣ ಟಿಲ್ಲರ್

ಪೆಟ್ರೋಲ್ ಚಾಲಿತ ಸಣ್ಣ ಟಿಲ್ಲರ್ ಎಂಬುದು ಕೈತೋಟ, ತರಕಾರಿ ಮಡಿ, ತೋಟದ ಸಾಲುಗಳ ನಡುವಿನ ಜಾಗ ಮುಂತಾದ ಇಕ್ಕಟ್ಟಾದ ನೆಲದಲ್ಲಿ ಮಣ್ಣನ್ನು ಸಡಿಲಗೊಳಿಸಲು, ಕಳೆ ತೆಗೆಯಲು ಹಾಗೂ ಗೊಬ್ಬರವನ್ನು ಮಣ್ಣಿನೊಂದಿಗೆ ಬೆರೆಸಲು ಬಳಸುವ ಕೃಷಿ ಯಂತ್ರವಾಗಿದೆ. ಒಬ್ಬ ವ್ಯಕ್ತಿ ಇದರ ಹಿಂದೆ ನಡೆಯುತ್ತಾ ಹಿಡಿಕೆಯ ಮೂಲಕ ಇದನ್ನು ನಿಯಂತ್ರಿಸುತ್ತಾನೆ. ಕರ್ನಾಟಕದಲ್ಲಿ ಇದನ್ನು ಮಿನಿ ಟಿಲ್ಲರ್, ಪವರ್ ವೀಡರ್ ಅಥವಾ ಕಳೆ ತೆಗೆಯುವ ಯಂತ್ರ ಎಂಬ ಹೆಸರುಗಳಿಂದ ಕರೆಯುವುದುಂಟು. ಗದ್ದೆ ಉಳುಮೆಗೆ ಬಳಸುವ ದೊಡ್ಡ ಡೀಸೆಲ್ ಪವರ್ ಟಿಲ್ಲರ್‌ಗಿಂತ ಇದು ತೂಕದಲ್ಲಿಯೂ ಶಕ್ತಿಯಲ್ಲಿಯೂ ಕಡಿಮೆಯದು. ಸಾಮಾನ್ಯವಾಗಿ ಇದರ ಎಂಜಿನ್ 2ರಿಂದ 7 ಅಶ್ವಶಕ್ತಿಯಷ್ಟಿರುತ್ತದೆ.

ಯಂತ್ರವು ಸರಳವಾಗಿದ್ದರೂ ಅದರ ಬಾಳಿಕೆ, ನೆಲದ ಆರೋಗ್ಯ ಮತ್ತು ನಡೆಸುವವರ ಸುರಕ್ಷತೆ ಈ ಮೂರೂ ಬಳಕೆಯ ಕ್ರಮವನ್ನು ಅವಲಂಬಿಸಿವೆ. ಮಣ್ಣಿನ ಹದವನ್ನು ನೋಡಿ ಉಳುವುದು, ಎಣ್ಣೆ, ಗಾಳಿ ಹಾಗೂ ಇಂಧನವನ್ನು ಶುದ್ಧವಾಗಿಡುವುದು, ತಿರುಗುವ ಅಲಗುಗಳಿಂದ ದೇಹವನ್ನು ದೂರವಿಡುವುದು ಇದರ ಬಳಕೆಯ ಮೂಲ ನಿಯಮಗಳಾಗಿವೆ.

## ಇತಿಹಾಸ

ನೇಗಿಲು ಮಣ್ಣನ್ನು ಸೀಳಿ ಮಗುಚುತ್ತದೆ. ಅದನ್ನು ಎಳೆಯಲು ಎತ್ತುಗಳಾಗಲಿ ಟ್ರ್ಯಾಕ್ಟರ್ ಆಗಲಿ ಬೇಕಾಗುತ್ತದೆ. ಎಳೆಯುವ ಬದಲು ಅಲಗುಗಳನ್ನೇ ತಿರುಗಿಸಿ ಮಣ್ಣನ್ನು ಪುಡಿಮಾಡುವ ಯಂತ್ರಗಳ ಪ್ರಯೋಗಗಳು 20ನೆಯ ಶತಮಾನದ ಆರಂಭದಲ್ಲಿ ಫಲ ನೀಡಿದವು. ಸ್ವಿಟ್ಜರ್ಲೆಂಡಿನ ಕೊನ್ರಾಡ್ ಫಾನ್ ಮೇಯೆನ್‌ಬರ್ಗ್ 1910ರ ಸುಮಾರಿಗೆ ಇಂತಹ ಯಂತ್ರಕ್ಕೆ ಪೇಟೆಂಟ್ ಪಡೆದರು. ಜರ್ಮನಿಯ ಸೀಮೆನ್ಸ್-ಶುಕರ್ಟ್ ಸಂಸ್ಥೆಯು ಅವರ ವಿನ್ಯಾಸವನ್ನು ಆಧರಿಸಿ ಯಂತ್ರಗಳನ್ನು ತಯಾರಿಸಿತು.

ಆಸ್ಟ್ರೇಲಿಯಾದಲ್ಲಿ ಆರ್ಥರ್ ಕ್ಲಿಫರ್ಡ್ ಹೊವರ್ಡ್ 1912ರಲ್ಲಿ ನ್ಯೂ ಸೌತ್ ವೇಲ್ಸ್‌ನ ಗಿಲ್ಗಾಂಡ್ರಾದಲ್ಲಿದ್ದ ತಮ್ಮ ತಂದೆಯ ಜಮೀನಿನಲ್ಲಿ ಪ್ರಯೋಗ ಆರಂಭಿಸಿದರು. ಮೊದಲಿನ ಅಲಗುಗಳು ಮಣ್ಣನ್ನು ಪಕ್ಕಕ್ಕೆ ಎಸೆಯುತ್ತಿದ್ದವು. ಸಣ್ಣ ವ್ಯಾಸದ ದಂಡಕ್ಕೆ ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದ ಅಲಗುಗಳನ್ನು ಜೋಡಿಸುವುದರ ಮೂಲಕ ಹೊವರ್ಡ್ ಈ ತೊಡಕನ್ನು ನಿವಾರಿಸಿದರು. 1920ರಲ್ಲಿ ಅವರು ತಮ್ಮ ಯಂತ್ರಕ್ಕೆ ಪೇಟೆಂಟ್ ಪಡೆದರು, 1922ರಲ್ಲಿ ಅದರ ತಯಾರಿಕೆಗಾಗಿ ಕಂಪನಿಯನ್ನು ಸ್ಥಾಪಿಸಿದರು, 1938ರಲ್ಲಿ ಇಂಗ್ಲೆಂಡಿನಲ್ಲಿಯೂ ತಯಾರಿಕೆಯನ್ನು ಆರಂಭಿಸಿದರು. ಇಂದು ರೈತರು ಬಳಸುವ ‘ರೋಟವೇಟರ್’ ಎಂಬ ಪದವು ಹೊವರ್ಡ್ ಅವರ ಯಂತ್ರದ ವ್ಯಾಪಾರನಾಮದಿಂದ ಬಂದುದಾಗಿದೆ. ‘ಎಲ್’ ಆಕಾರದ ಅಲಗುಗಳು ಇಂದಿಗೂ ಬಳಕೆಯಲ್ಲಿವೆ.

ಎರಡನೆಯ ಮಹಾಯುದ್ಧದ ನಂತರ ಸಣ್ಣ ಹಿಡುವಳಿಗಳೇ ಹೆಚ್ಚಾಗಿದ್ದ ಜಪಾನಿನಲ್ಲಿ ಕೈಯಿಂದ ನಡೆಸುವ ಟಿಲ್ಲರ್‌ಗಳು ವ್ಯಾಪಕವಾದವು. ಹೋಂಡಾ ಸಂಸ್ಥೆಯು 1959ರಲ್ಲಿ ಎಫ್150 ಎಂಬ ನಾಲ್ಕು ಹೊಡೆತದ ಎಂಜಿನ್‌ನ ಟಿಲ್ಲರನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ದೊಡ್ಡ ಪವರ್ ಟಿಲ್ಲರ್‌ಗಳ ತಯಾರಿಕೆಯೂ ಜಪಾನಿನ ತಾಂತ್ರಿಕ ಸಹಯೋಗದಿಂದ ಬೆಳೆಯಿತು. ಬೆಂಗಳೂರಿನ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಸಂಸ್ಥೆಯು 1967ರಲ್ಲಿ ಮಿತ್ಸುಬಿಷಿ ಸಂಸ್ಥೆಯ ಸಹಯೋಗದೊಂದಿಗೆ ಆರಂಭವಾಯಿತು.

## ರಚನೆ

ಸಣ್ಣ ಟಿಲ್ಲರ್‌ನ ಮುಖ್ಯ ಭಾಗಗಳು ಹೀಗಿವೆ:

- ಎಂಜಿನ್: ಗಾಳಿಯಿಂದ ತಂಪಾಗುವ ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್. ಹಗ್ಗ ಎಳೆದು ಇದನ್ನು ಚಾಲೂ ಮಾಡಲಾಗುತ್ತದೆ.
- ಶಕ್ತಿ ಸಾಗಣೆ: ಎಂಜಿನ್ನಿನ ತಿರುಗುವಿಕೆಯು ಬೆಲ್ಟ್ ಅಥವಾ ಕ್ಲಚ್ ಮೂಲಕ ಗೇರ್ ಬಾಕ್ಸ್‌ಗೆ, ಅಲ್ಲಿಂದ ಅಲಗಿನ ದಂಡಕ್ಕೆ ತಲುಪುತ್ತದೆ.
- ಅಲಗುಗಳು: ದಂಡದ ಎರಡೂ ಬದಿಗಳಲ್ಲಿ ಬಾಗಿದ ಉಕ್ಕಿನ ಅಲಗುಗಳಿರುತ್ತವೆ. ಎಡ ಮತ್ತು ಬಲ ಬದಿಯ ಅಲಗುಗಳ ಬಾಗು ಬೇರೆ ಬೇರೆಯಾಗಿರುತ್ತದೆ.
- ಆಳದ ಸಲಾಕೆ: ಯಂತ್ರದ ಹಿಂಬದಿಯಲ್ಲಿ ಮಣ್ಣಿಗೆ ಊರುವ ಕಬ್ಬಿಣದ ಪಟ್ಟಿ. ಉಳುಮೆಯ ಆಳವನ್ನು ಇದರಿಂದ ಹೊಂದಿಸಲಾಗುತ್ತದೆ.
- ಹಿಡಿಕೆ ಮತ್ತು ನಿಯಂತ್ರಣಗಳು: ಥ್ರಾಟಲ್, ಕ್ಲಚ್ ಲಿವರ್, ಎಂಜಿನ್ ನಿಲ್ಲಿಸುವ ಸ್ವಿಚ್, ಕೆಲವು ಮಾದರಿಗಳಲ್ಲಿ ಹಿಮ್ಮುಖ ಗೇರ್.
- ಮಣ್ಣುತಡೆ: ಅಲಗುಗಳ ಮೇಲಿನ ತಗಡಿನ ಹೊದಿಕೆ. ಇದು ಕಲ್ಲು ಹಾಗೂ ಹೆಂಟೆಗಳು ನಡೆಸುವವರತ್ತ ಸಿಡಿಯದಂತೆ ತಡೆಯುತ್ತದೆ.

## ವಿಧಗಳು

ಅಲಗುಗಳು ಇರುವ ಸ್ಥಾನವನ್ನು ಆಧರಿಸಿ ಟಿಲ್ಲರ್‌ಗಳನ್ನು ಎರಡು ವಿಧಗಳಾಗಿ ವಿಂಗಡಿಸಬಹುದು. ಮೊದಲ ವಿಧದಲ್ಲಿ ಅಲಗುಗಳು ಎಂಜಿನ್ನಿನ ಕೆಳಗೆ ಅಥವಾ ಮುಂದೆ ಇರುತ್ತವೆ. ಇವುಗಳಲ್ಲಿ ಕೆಲಸದ ವೇಳೆ ಚಾಲಕ ಚಕ್ರಗಳಿರುವುದಿಲ್ಲ, ಅಲಗುಗಳೇ ಯಂತ್ರವನ್ನು ಮುಂದಕ್ಕೆ ಒಯ್ಯುತ್ತವೆ. ಇವು ಹಗುರವಾಗಿದ್ದು, ಈಗಾಗಲೇ ಉತ್ತಿರುವ ಸಡಿಲ ನೆಲಕ್ಕೆ ಹಾಗೂ ಸಾಲುಗಳ ನಡುವಿನ ಕಳೆ ತೆಗೆಯಲು ಸೂಕ್ತವಾಗಿವೆ. ಎರಡನೆಯ ವಿಧದಲ್ಲಿ ಅಲಗುಗಳು ಚಾಲಕ ಚಕ್ರಗಳ ಹಿಂದೆ ಇರುತ್ತವೆ. ಇವು ಭಾರವಾಗಿದ್ದರೂ ನೇರವಾಗಿ ಚಲಿಸುತ್ತವೆ ಮತ್ತು ಗಟ್ಟಿ ನೆಲದಲ್ಲಿ ಕಡಿಮೆ ಕುಪ್ಪಳಿಸುತ್ತವೆ.

ಎಂಜಿನ್ನನ್ನು ಆಧರಿಸಿ ಎರಡು ಹೊಡೆತದ ಹಾಗೂ ನಾಲ್ಕು ಹೊಡೆತದ ಯಂತ್ರಗಳೆಂಬ ವಿಂಗಡಣೆಯೂ ಇದೆ. ನಾಲ್ಕು ಹೊಡೆತದ ಎಂಜಿನ್ನಿಗೆ ಶುದ್ಧ ಪೆಟ್ರೋಲನ್ನೂ ಪ್ರತ್ಯೇಕವಾಗಿ ಎಂಜಿನ್ ಆಯಿಲನ್ನೂ ತುಂಬಲಾಗುತ್ತದೆ. ಎರಡು ಹೊಡೆತದ ಎಂಜಿನ್ನಿಗೆ ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸಬೇಕು. ತಯಾರಕರು 50:1 ಅನುಪಾತವನ್ನು ಸೂಚಿಸಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, 25:1 ಇದ್ದರೆ 40 ಮಿಲಿಲೀಟರ್ ಆಯಿಲ್ ಬೇಕಾಗುತ್ತದೆ. ಎರಡು ಹೊಡೆತದ ಎಂಜಿನ್ನಿಗೆ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿದರೆ ಪಿಸ್ಟನ್ ಬೇಗನೆ ಹಿಡಿದುಕೊಳ್ಳುತ್ತದೆ.

## ಕಾರ್ಯತತ್ತ್ವ

ಎಂಜಿನ್ ನಿಮಿಷಕ್ಕೆ ಸಾವಿರಾರು ಸುತ್ತುಗಳ ವೇಗದಲ್ಲಿ ತಿರುಗುತ್ತದೆ. ಗೇರ್ ಬಾಕ್ಸ್ ಈ ವೇಗವನ್ನು ಬಹುಪಾಲು ತಗ್ಗಿಸಿ ತಿರುಗುಬಲವನ್ನು ಹೆಚ್ಚಿಸುತ್ತದೆ. ಅಲಗುಗಳು ಮಣ್ಣನ್ನು ತುಂಡು ತುಂಡಾಗಿ ಕತ್ತರಿಸಿ ಹಿಂದಕ್ಕೆ ಎಸೆಯುತ್ತವೆ, ಎಸೆದ ಹೆಂಟೆಗಳು ಮಣ್ಣುತಡೆಗೆ ಬಡಿದು ಮತ್ತಷ್ಟು ಪುಡಿಯಾಗುತ್ತವೆ.

ಚಾಲಕ ಚಕ್ರಗಳಿಲ್ಲದ ಯಂತ್ರಗಳಲ್ಲಿ ಅಲಗುಗಳು ಅಗೆಯುವುದರೊಂದಿಗೆ ಯಂತ್ರವನ್ನು ಮುಂದಕ್ಕೂ ಎಳೆಯುತ್ತವೆ. ತಡೆ ಇಲ್ಲದಿದ್ದರೆ ಯಂತ್ರವು ಅಗೆಯದೆ ನೆಲದ ಮೇಲೆ ಓಡತೊಡಗುತ್ತದೆ. ಈ ಓಟವನ್ನು ತಡೆಯುವುದೇ ಆಳದ ಸಲಾಕೆಯ ಕೆಲಸ. ಸಲಾಕೆಯನ್ನು ಹೆಚ್ಚು ಕೆಳಗಿಳಿಸಿದರೆ ಯಂತ್ರ ನಿಧಾನವಾಗಿ ಆಳಕ್ಕೆ ಅಗೆಯುತ್ತದೆ, ಮೇಲಕ್ಕೇರಿಸಿದರೆ ವೇಗವಾಗಿ ಮೇಲ್ಪದರವನ್ನಷ್ಟೇ ಕೆದಕುತ್ತದೆ. ಹಿಡಿಕೆಯನ್ನು ತುಸು ಕೆಳಗೆ ಒತ್ತಿದರೆ ಸಲಾಕೆ ನೆಲವನ್ನು ಕಚ್ಚುತ್ತದೆ. ಆದ್ದರಿಂದ ಯಂತ್ರವನ್ನು ಬಲವಂತವಾಗಿ ಮುಂದಕ್ಕೆ ತಳ್ಳುವುದು ಅನಗತ್ಯ.

## ಬಳಕೆಯ ವಿಧಾನ

### ಮಣ್ಣಿನ ಹದ

ಉಳುಮೆಗೆ ಮೊದಲು ಮಣ್ಣಿನ ತೇವವನ್ನು ಪರೀಕ್ಷಿಸುವುದು ಅವಶ್ಯಕ. ಸುಮಾರು 10 ಸೆಂಟಿಮೀಟರ್ ಆಳದಿಂದ ಒಂದು ಹಿಡಿ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಅದುಮಿದಾಗ ಅದು ಉಂಡೆಯಾಗಿ, ಬೆರಳಿನಿಂದ ಮುಟ್ಟಿದೊಡನೆ ಉದುರಿದರೆ ಹದ ಸರಿಯಾಗಿದೆ ಎಂದರ್ಥ. ಉಂಡೆ ಒಡೆಯದೆ ಬೆರಳಿಗೆ ಅಂಟಿದರೆ ತೇವ ಹೆಚ್ಚಾಗಿದೆ, ಉಂಡೆಯೇ ಆಗದಿದ್ದರೆ ಸಾಮಾನ್ಯವಾಗಿ ಮಣ್ಣು ಒಣಗಿದೆ. ಮರಳು ಮಣ್ಣು ಹದದಲ್ಲಿದ್ದರೂ ಸರಿಯಾಗಿ ಉಂಡೆಕಟ್ಟುವುದಿಲ್ಲ.

ಹಸಿ ಮಣ್ಣನ್ನು ಉತ್ತರೆ ಹೆಂಟೆಗಳು ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗುತ್ತವೆ. ಜಿಗುಟಾದ ಎರೆ ಮಣ್ಣಿನಲ್ಲಿ ಈ ತೊಂದರೆ ಹೆಚ್ಚು. ತೀರ ಒಣಗಿದ ಕೆಂಪು ಮಣ್ಣಿನಲ್ಲಿ ಅಲಗುಗಳು ನೆಲಕ್ಕಿಳಿಯದೆ ಯಂತ್ರ ಕುಪ್ಪಳಿಸುತ್ತದೆ ಮತ್ತು ಮಣ್ಣು ಧೂಳಾಗುತ್ತದೆ. ಅಂತಹ ನೆಲಕ್ಕೆ ಹಿಂದಿನ ಒಂದೆರಡು ದಿನಗಳಲ್ಲಿ ನೀರು ಹಾಯಿಸಿ, ಹದ ಬಂದ ಮೇಲೆ ಉಳುವುದು ಒಳ್ಳೆಯದು.

### ಪೂರ್ವಸಿದ್ಧತೆ

ಕೆಲಸಕ್ಕೆ ಮುನ್ನ ನೆಲದಲ್ಲಿರುವ ಕಲ್ಲು, ತಂತಿ, ಹಗ್ಗ, ಪ್ಲಾಸ್ಟಿಕ್ ಹಾಗೂ ಹನಿ ನೀರಾವರಿಯ ಪೈಪುಗಳನ್ನು ತೆಗೆಯಬೇಕು. ನೆಲದೊಳಗಿನ ನೀರಿನ ಕೊಳವೆ ಮತ್ತು ಪಂಪ್‌ಸೆಟ್ಟಿನ ವಿದ್ಯುತ್ ಕೇಬಲ್ ಹಾದುಹೋಗಿರುವ ಜಾಗವನ್ನು ಗುರುತಿಸಿಕೊಳ್ಳಬೇಕು. ಎತ್ತರದ ಕಳೆಯನ್ನು ಮೊದಲು ಕುಡುಗೋಲಿನಿಂದ ಕೊಯ್ದರೆ ಅದು ಅಲಗಿನ ದಂಡಕ್ಕೆ ಸುತ್ತಿಕೊಳ್ಳುವುದು ಕಡಿಮೆಯಾಗುತ್ತದೆ. ಎಂಜಿನ್ ಆಯಿಲಿನ ಮಟ್ಟ, ಇಂಧನ, ನಟ್ಟು-ಬೋಲ್ಟುಗಳ ಬಿಗಿ ಹಾಗೂ ಕ್ಲಚ್ ಲಿವರಿನ ಚಲನೆಯನ್ನು ಪ್ರತಿದಿನವೂ ಪರೀಕ್ಷಿಸಬೇಕು.

### ಚಾಲನೆ

ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡುವಾಗ ಇಂಧನದ ಕವಾಟವನ್ನು ತೆರೆದು, ಚೋಕ್ ಮುಚ್ಚಿ, ಕ್ಲಚ್ ಬಿಟ್ಟ ಸ್ಥಿತಿಯಲ್ಲಿಯೇ ಹಗ್ಗವನ್ನು ಎಳೆಯಲಾಗುತ್ತದೆ. ಎಂಜಿನ್ ಬಿಸಿಯಾಗುತ್ತಿದ್ದಂತೆ ಚೋಕನ್ನು ಕ್ರಮೇಣ ತೆರೆಯಬೇಕು. ಎಳೆದ ಹಗ್ಗವನ್ನು ಥಟ್ಟನೆ ಬಿಡದೆ ಕೈಯಿಂದಲೇ ಹಿಂದಕ್ಕೆ ಬಿಟ್ಟರೆ ಅದರ ಸ್ಪ್ರಿಂಗ್ ಹೆಚ್ಚು ಕಾಲ ಬಾಳುತ್ತದೆ.

ಗಟ್ಟಿ ನೆಲವನ್ನು ಒಂದೇ ಬಾರಿಗೆ ಆಳವಾಗಿ ಅಗೆಯಲು ಯತ್ನಿಸಬಾರದು. ಮೊದಲ ಸುತ್ತಿನಲ್ಲಿ 5ರಿಂದ 7 ಸೆಂಟಿಮೀಟರ್ ಆಳಕ್ಕೆ ಉತ್ತು, ಎರಡನೆಯ ಸುತ್ತಿನಲ್ಲಿ ಮೊದಲಿನ ಸಾಲುಗಳಿಗೆ ಅಡ್ಡಲಾಗಿ ಇನ್ನಷ್ಟು ಆಳಕ್ಕೆ ಹೋಗುವುದು ಉಚಿತ ಕ್ರಮ. ತರಕಾರಿ ಮಡಿಗಳಿಗೆ 10ರಿಂದ 15 ಸೆಂಟಿಮೀಟರ್ ಆಳ ಸಾಮಾನ್ಯವಾಗಿ ಸಾಕಾಗುತ್ತದೆ. ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟನ್ನು ಕೊನೆಯ ಸುತ್ತಿಗೆ ಮೊದಲು ಹರಡಿದರೆ ಅದು ಮೇಲ್ಮಣ್ಣಿನಲ್ಲಿ ಸಮನಾಗಿ ಬೆರೆಯುತ್ತದೆ. ಬೆಳೆಯ ಸಾಲುಗಳ ನಡುವೆ ಕಳೆ ತೆಗೆಯುವಾಗ ಹೊರಗಿನ ಅಲಗುಗಳನ್ನು ಬಿಚ್ಚಿ ಅಗಲವನ್ನು ಕಿರಿದುಗೊಳಿಸಿ, 3ರಿಂದ 5 ಸೆಂಟಿಮೀಟರ್ ಆಳಕ್ಕಷ್ಟೇ ಕೆದಕಲಾಗುತ್ತದೆ. ಅದಕ್ಕಿಂತ ಆಳಕ್ಕೆ ಹೋದರೆ ಬೆಳೆಯ ಬೇರುಗಳು ತುಂಡಾಗುತ್ತವೆ.

## ನಿರ್ವಹಣೆ

ನಿರ್ವಹಣೆಯ ಅವಧಿಯನ್ನು ಯಂತ್ರ ಓಡಿದ ಗಂಟೆಗಳ ಲೆಕ್ಕದಲ್ಲಿ ಸೂಚಿಸಲಾಗುತ್ತದೆ. ಮಾದರಿಗೆ ತಕ್ಕಂತೆ ಇದು ಬದಲಾಗುವುದರಿಂದ ತಯಾರಕರ ಕೈಪಿಡಿಯೇ ಅಂತಿಮ. ನಾಲ್ಕು ಹೊಡೆತದ ಸಣ್ಣ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ:

- ಪ್ರತಿ ಬಳಕೆಗೆ ಮುನ್ನ: ಎಂಜಿನ್ ಆಯಿಲ್ ಮಟ್ಟ, ಏರ್ ಫಿಲ್ಟರ್, ಸಡಿಲ ಬೋಲ್ಟುಗಳು, ಇಂಧನ ಸೋರಿಕೆಯ ಪರಿಶೀಲನೆ.
- ಮೊದಲ 20 ಗಂಟೆ ಅಥವಾ ಮೊದಲ ತಿಂಗಳ ನಂತರ: ಎಂಜಿನ್ ಆಯಿಲ್ ಬದಲಾವಣೆ.
- ಪ್ರತಿ 50 ಗಂಟೆಗೆ: ಏರ್ ಫಿಲ್ಟರ್ ಸ್ವಚ್ಛತೆ. ಧೂಳಿನ ನೆಲದಲ್ಲಿ ಇನ್ನೂ ಬೇಗನೆ, ಹಲವೊಮ್ಮೆ ಪ್ರತಿ 10 ಗಂಟೆಗೆ.
- ಪ್ರತಿ 100 ಗಂಟೆ ಅಥವಾ 6 ತಿಂಗಳಿಗೆ: ಎಂಜಿನ್ ಆಯಿಲ್ ಬದಲಾವಣೆ, ಸ್ಪಾರ್ಕ್ ಪ್ಲಗ್ ಹಾಗೂ ಇಂಧನದ ಕಸ ಸಂಗ್ರಹವಾಗುವ ಬಟ್ಟಲಿನ ಸ್ವಚ್ಛತೆ.
- ಪ್ರತಿ 300 ಗಂಟೆ ಅಥವಾ ವರ್ಷಕ್ಕೊಮ್ಮೆ: ಸ್ಪಾರ್ಕ್ ಪ್ಲಗ್ ಬದಲಾವಣೆ, ಮೆಕ್ಯಾನಿಕ್‌ನಿಂದ ವಾಲ್ವ್ ಅಂತರದ ಪರೀಕ್ಷೆ.

### ಎಂಜಿನ್ ಆಯಿಲ್

160ರಿಂದ 200 ಸಿಸಿ ಸಾಮರ್ಥ್ಯದ ಎಂಜಿನ್ನಿಗೆ ಸುಮಾರು 0.6 ಲೀಟರ್ ಆಯಿಲ್ ಹಿಡಿಸುತ್ತದೆ. ಎಸ್‌ಎಇ 10ಡಬ್ಲ್ಯೂ-30 ದರ್ಜೆಯನ್ನು ಹಲವು ತಯಾರಕರು ಸೂಚಿಸುತ್ತಾರೆ. ಪ್ರಮಾಣವೇ ಕಡಿಮೆಯಿರುವುದರಿಂದ ಅಲ್ಪ ಕೊರತೆಯೂ ಎಂಜಿನ್ನಿಗೆ ಅಪಾಯಕಾರಿ. ಯಂತ್ರವನ್ನು ಸಮತಟ್ಟಾಗಿ ನಿಲ್ಲಿಸಿ ಮಟ್ಟವನ್ನು ನೋಡಬೇಕು, ಓರೆಯಾಗಿದ್ದರೆ ಅಳತೆ ತಪ್ಪಾಗುತ್ತದೆ. ಹೊಸ ಯಂತ್ರಗಳನ್ನು ಹಲವು ಬಾರಿ ಆಯಿಲ್ ಇಲ್ಲದೆಯೇ ಸಾಗಿಸಲಾಗುತ್ತದೆ. ಅದನ್ನು ಗಮನಿಸದೆ ಚಾಲೂ ಮಾಡಿದರೆ ಎಂಜಿನ್ ಮೊದಲ ದಿನವೇ ಕೆಡಬಹುದು. ಆಯಿಲ್ ಬದಲಿಸುವಾಗ ಎಂಜಿನ್ ತುಸು ಬೆಚ್ಚಗಿದ್ದರೆ ಹಳೆಯ ಆಯಿಲ್ ಕಸದೊಂದಿಗೆ ಪೂರ್ತಿಯಾಗಿ ಇಳಿಯುತ್ತದೆ. ಹಳೆಯ ಆಯಿಲನ್ನು ನೆಲಕ್ಕೆ ಅಥವಾ ಚರಂಡಿಗೆ ಚೆಲ್ಲಬಾರದು.

### ಏರ್ ಫಿಲ್ಟರ್

ಟಿಲ್ಲರ್ ತನ್ನ ಸುತ್ತ ತಾನೇ ಧೂಳೆಬ್ಬಿಸುತ್ತದೆ. ಆದ್ದರಿಂದ ಇತರ ಸಣ್ಣ ಎಂಜಿನ್‌ಗಳಿಗಿಂತ ಇದರ ಏರ್ ಫಿಲ್ಟರ್ ಬೇಗನೆ ಕಟ್ಟಿಕೊಳ್ಳುತ್ತದೆ. ಸ್ಪಂಜಿನ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕೆಲವು ಹನಿ ಎಂಜಿನ್ ಆಯಿಲ್ ಸವರಿ ಹಿಂಡಿ ಜೋಡಿಸಲಾಗುತ್ತದೆ. ಕಾಗದದ ಫಿಲ್ಟರನ್ನು ತೊಳೆಯಬಾರದು, ತಟ್ಟಿ ಧೂಳು ಕೊಡವಬೇಕು ಅಥವಾ ಬದಲಿಸಬೇಕು. ಫಿಲ್ಟರ್ ತೆಗೆದು ಯಂತ್ರ ಓಡಿಸಿದರೆ ಧೂಳಿನ ಕಣಗಳು ಸಿಲಿಂಡರನ್ನೂ ಪಿಸ್ಟನ್ ರಿಂಗುಗಳನ್ನೂ ಸವೆಸುತ್ತವೆ.

### ಇಂಧನ

ಭಾರತದಲ್ಲಿ ಮಾರಾಟವಾಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಶೇಕಡಾ 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಚಾಲನೆ ನೀಡಲಾಯಿತು. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಅಂಶ ಹೆಚ್ಚಾದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಇದರಿಂದ ಕಾರ್ಬ್ಯುರೇಟರಿನ ಲೋಹದ ಭಾಗಗಳು ತುಕ್ಕು ಹಿಡಿಯಬಹುದು, ಹಳೆಯ ಮಾದರಿಗಳ ರಬ್ಬರ್ ಪೈಪುಗಳು ಹಾಳಾಗಬಹುದು. ವರ್ಷದಲ್ಲಿ ಕೆಲವೇ ವಾರ ಓಡಿ ಉಳಿದ ಕಾಲ ನಿಂತಿರುವ ಟಿಲ್ಲರ್‌ಗೆ ಈ ಸಮಸ್ಯೆ ಹೆಚ್ಚು ತಟ್ಟುತ್ತದೆ. ಹಾಗಾಗಿ ಕೆಲವು ವಾರಗಳಲ್ಲಿ ಮುಗಿಯುವಷ್ಟು ಪೆಟ್ರೋಲನ್ನಷ್ಟೇ ತರುವುದು ಹಾಗೂ ಯಂತ್ರ ಯಾವ ಪ್ರಮಾಣದ ಎಥನಾಲ್ ಮಿಶ್ರಣಕ್ಕೆ ತಕ್ಕುದೆಂದು ಕೈಪಿಡಿಯಲ್ಲಿ ನೋಡುವುದು ಉತ್ತಮ.

### ಸ್ಪಾರ್ಕ್ ಪ್ಲಗ್

ಪ್ಲಗ್ಗಿನ ತುದಿಯ ಅಂತರವು ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್ ಇರಬೇಕು. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಸರಿಯಾಗಿ ಉರಿಯುತ್ತಿದೆ. ಒಣ ಮಸಿ ಕಟ್ಟಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು ಅಥವಾ ಚೋಕ್ ಪೂರ್ತಿ ತೆರೆಯದೆ ಇರಬಹುದು. ಎಣ್ಣೆಯ ಪಸೆ ಕಂಡರೆ ಆಯಿಲ್ ಅತಿಯಾಗಿ ತುಂಬಿರುವ ಅಥವಾ ರಿಂಗ್ ಸವೆದಿರುವ ಸಾಧ್ಯತೆಯಿದೆ.

### ಅಲಗು ಮತ್ತು ಗೇರ್ ಬಾಕ್ಸ್

ಅಲಗಿನ ದಂಡಕ್ಕೆ ಸುತ್ತಿಕೊಂಡ ಬಳ್ಳಿ ಹಾಗೂ ಪ್ಲಾಸ್ಟಿಕ್ ದಾರವನ್ನು ದಿನದ ಕೆಲಸ ಮುಗಿದೊಡನೆ ಬಿಡಿಸಬೇಕು. ಇಲ್ಲವಾದರೆ ದಾರವು ದಂಡದ ಬುಡಕ್ಕೆ ಸರಿದು ಆಯಿಲ್ ಸೀಲನ್ನು ಕತ್ತರಿಸುತ್ತದೆ. ಸೀಲ್ ಹೋದರೆ ಗೇರ್ ಆಯಿಲ್ ಹೊರಗೆ ಸೋರಿ ಮಣ್ಣು ಒಳಗೆ ಸೇರುತ್ತದೆ. ಕೆಲವು ರೂಪಾಯಿಗಳ ಸೀಲಿನ ಹಾನಿಯು ಹೀಗೆ ಇಡೀ ಗೇರ್ ಬಾಕ್ಸಿನ ನಾಶಕ್ಕೆ ಕಾರಣವಾಗಬಲ್ಲದು.

ಸವೆದ ಅಲಗುಗಳನ್ನು ಎರಡೂ ಬದಿಗಳಲ್ಲಿ ಒಟ್ಟಿಗೆ ಬದಲಿಸದಿದ್ದರೆ ಯಂತ್ರ ಒಂದು ಕಡೆಗೆ ಎಳೆಯುತ್ತದೆ. ಜೋಡಿಸುವಾಗ ಹರಿತವಾದ ಅಂಚು ತಿರುಗುವ ದಿಕ್ಕಿಗೆ ಮುಂದಾಗಿರಬೇಕು. ಕೆಲವು ಮಾದರಿಗಳಲ್ಲಿ ಅಲಗು ಕಲ್ಲಿಗೆ ಬಡಿದಾಗ ತಾನು ತುಂಡಾಗಿ ಗೇರನ್ನು ಉಳಿಸುವ ಮೆದು ಲೋಹದ ಪಿನ್ ಇರುತ್ತದೆ. ಅದರ ಜಾಗದಲ್ಲಿ ಗಟ್ಟಿ ಬೋಲ್ಟನ್ನು ಹಾಕಿದರೆ ಮುಂದಿನ ಹೊಡೆತ ನೇರವಾಗಿ ಗೇರಿನ ಹಲ್ಲುಗಳಿಗೆ ಬೀಳುತ್ತದೆ.

### ಶೇಖರಣೆ

ಒಂದು ತಿಂಗಳಿಗಿಂತ ಹೆಚ್ಚು ಕಾಲ ಯಂತ್ರವನ್ನು ಬಳಸದಿದ್ದರೆ ಟ್ಯಾಂಕಿನ ಪೆಟ್ರೋಲನ್ನು ಬರಿದುಮಾಡಿ, ಕಾರ್ಬ್ಯುರೇಟರ್ ಒಣಗಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಲಾಗುತ್ತದೆ. ಬಳಿಕ ಎಂಜಿನ್ ತಣಿದ ಮೇಲೆ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಮೂರು ಬಾರಿ ಎಳೆದು ಪ್ಲಗ್ ಹಾಕಬೇಕು. ಅಲಗುಗಳ ಮಣ್ಣನ್ನು ತೊಳೆದು ಒಣಗಿಸಿ ಎಣ್ಣೆ ಸವರಿದರೆ ತುಕ್ಕು ಹಿಡಿಯುವುದಿಲ್ಲ. ಮಳೆಗಾಲದ ನಂತರ ಯಂತ್ರವನ್ನು ಹೊರತೆಗೆಯುವಾಗ ಎಂಜಿನ್ನಿನ ತಂಪುಪಟ್ಟಿಗಳ ನಡುವೆ ಹಾಗೂ ಹೊಗೆ ಕೊಳವೆಯಲ್ಲಿ ಇಲಿ ಅಥವಾ ಕಣಜದ ಗೂಡಿದೆಯೇ ಎಂದು ನೋಡಬೇಕು.

## ಸಾಮಾನ್ಯ ದೋಷಗಳು

- ಎಂಜಿನ್ ಚಾಲೂ ಆಗದಿರುವುದು: ಸ್ವಿಚ್ ಅಥವಾ ಇಂಧನ ಕವಾಟ ಮುಚ್ಚಿರುವುದು, ಹಳೆಯ ಪೆಟ್ರೋಲ್, ಒದ್ದೆಯಾದ ಪ್ಲಗ್. ಆಯಿಲ್ ಕಡಿಮೆಯಾದಾಗ ಎಂಜಿನ್ನನ್ನು ತಡೆಹಿಡಿಯುವ ವ್ಯವಸ್ಥೆಯಿರುವ ಮಾದರಿಗಳಲ್ಲಿ ಆಯಿಲ್ ಕೊರತೆಯೂ ಕಾರಣವಾಗಿರಬಹುದು.
- ಚಾಲೂ ಆಗಿ ಸ್ವಲ್ಪ ಹೊತ್ತಿನಲ್ಲಿ ನಿಲ್ಲುವುದು: ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಕಟ್ಟಿರುವುದು, ಕಾರ್ಬ್ಯುರೇಟರಿನಲ್ಲಿ ಕಸ ಅಥವಾ ನೀರು.
- ಎಂಜಿನ್ ಓಡಿದರೂ ಅಲಗು ತಿರುಗದಿರುವುದು: ಬೆಲ್ಟ್ ಸಡಿಲ, ಕ್ಲಚ್ ಕೇಬಲ್ ಹಿಗ್ಗಿರುವುದು, ರಕ್ಷಕ ಪಿನ್ ತುಂಡಾಗಿರುವುದು.
- ಕಪ್ಪು ಹೊಗೆ: ಏರ್ ಫಿಲ್ಟರ್ ಕಟ್ಟಿರುವುದು, ಚೋಕ್ ಮುಚ್ಚಿರುವುದು.
- ನೀಲಿ ಹೊಗೆ: ಆಯಿಲ್ ಹೆಚ್ಚಾಗಿರುವುದು, ಯಂತ್ರವನ್ನು ತಪ್ಪು ದಿಕ್ಕಿಗೆ ಒರಗಿಸಿರುವುದು ಅಥವಾ ರಿಂಗ್ ಸವೆತ.

## ಸುರಕ್ಷತೆ

ಟಿಲ್ಲರಿನ ಅತಿ ದೊಡ್ಡ ಅಪಾಯವೆಂದರೆ ತಿರುಗುವ ಅಲಗುಗಳಿಗೆ ಕಾಲು ಅಥವಾ ಕೈ ಸಿಲುಕುವುದು. ಕೈಬಿಟ್ಟೊಡನೆ ಅಲಗುಗಳು ನಿಲ್ಲುವಂತೆ ಕ್ಲಚ್ ಲಿವರನ್ನು ವಿನ್ಯಾಸಗೊಳಿಸಲಾಗಿದೆ. ಕೈನೋವು ತಪ್ಪಿಸಲು ಈ ಲಿವರನ್ನು ಹಗ್ಗ ಅಥವಾ ತಂತಿಯಿಂದ ಕಟ್ಟಿದರೆ, ನಡೆಸುವವರು ಮುಗ್ಗರಿಸಿ ಬಿದ್ದಾಗಲೂ ಅಲಗುಗಳು ತಿರುಗುತ್ತಲೇ ಇರುತ್ತವೆ. ಹಿಮ್ಮುಖ ಚಲನೆಯಲ್ಲಿ ಯಂತ್ರವು ನಡೆಸುವವರ ಕಾಲಿನತ್ತಲೇ ಬರುವುದರಿಂದ ಹಿಂದೆ ಗೋಡೆ, ಮರ ಅಥವಾ ಗುಂಡಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಲಗಿಗೆ ಸಿಲುಕಿದ ಕಳೆಯನ್ನು ಬಿಡಿಸುವ ಮೊದಲು ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನು ಕಳಚುವುದು ಕಡ್ಡಾಯ.

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷಾನಿಲವಿರುತ್ತದೆ. ಮುಚ್ಚಿದ ಕೊಟ್ಟಿಗೆ, ಶೆಡ್ ಅಥವಾ ಗಾಳಿಯಾಡದ ಪಾಲಿಹೌಸಿನಲ್ಲಿ ಯಂತ್ರ ಓಡಿಸಿದರೆ ತಲೆನೋವು, ತಲೆಸುತ್ತು ಕಾಣಿಸಿಕೊಂಡು ಪ್ರಜ್ಞೆ ತಪ್ಪಬಹುದು, ಪ್ರಾಣಾಪಾಯವೂ ಸಂಭವಿಸಬಹುದು. ಎಂಜಿನ್ ನಿಲ್ಲಿಸಿ ತಣಿದ ನಂತರವೇ ಪೆಟ್ರೋಲ್ ತುಂಬಬೇಕು, ಹತ್ತಿರದಲ್ಲಿ ಬೀಡಿ, ಸಿಗರೇಟು ಅಥವಾ ಬೆಂಕಿ ಇರಬಾರದು. ಮುಚ್ಚಿದ ಗಟ್ಟಿ ಪಾದರಕ್ಷೆ, ಕಣ್ಣಿಗೆ ಕನ್ನಡಕ ಹಾಗೂ ಕಿವಿಗೆ ರಕ್ಷಣೆ ಅಗತ್ಯ. ಸೀರೆಯ ಸೆರಗು, ಪಂಚೆ, ಟವೆಲ್ ಮುಂತಾದ ಇಳಿಬಿದ್ದ ಬಟ್ಟೆಗಳು ಅಲಗಿಗೆ ಸಿಲುಕುವ ಸಂಭವವಿರುತ್ತದೆ. ದೀರ್ಘಕಾಲದ ಕಂಪನದಿಂದ ಬೆರಳುಗಳು ಜೋಮು ಹಿಡಿಯುವುದರಿಂದ ನಡುನಡುವೆ ವಿಶ್ರಾಂತಿ ಬೇಕು. ಮಕ್ಕಳನ್ನೂ ಜಾನುವಾರುಗಳನ್ನೂ ಕೆಲಸದ ಜಾಗದಿಂದ ದೂರವಿಡಬೇಕು. ಕಡಿದಾದ ಇಳಿಜಾರಿನಲ್ಲಿ ಯಂತ್ರ ಉರುಳಬಹುದು, ಎಂಜಿನ್ನಿನ ಭಾಗಗಳಿಗೆ ಆಯಿಲ್ ತಲುಪದೆಯೂ ಇರಬಹುದು.

## ಮಣ್ಣಿನ ಮೇಲೆ ಪರಿಣಾಮ

ಟಿಲ್ಲರ್ ಮಣ್ಣನ್ನು ಬೇಗನೆ ನುಣುಪಾಗಿಸುತ್ತದೆಯಾದರೂ ಅತಿಯಾದ ಬಳಕೆ ಹಾನಿಕರ. ಪದೇ ಪದೇ ಪುಡಿಮಾಡಿದ ಮಣ್ಣಿನ ಕಣರಚನೆ ಒಡೆದು, ಮಳೆ ಬಿದ್ದಾಗ ಮೇಲ್ಭಾಗ ಹೆಪ್ಪುಗಟ್ಟುತ್ತದೆ ಮತ್ತು ನೀರು ಇಂಗುವುದು ಕಡಿಮೆಯಾಗುತ್ತದೆ. ಪ್ರತಿ ಬಾರಿಯೂ ಒಂದೇ ಆಳಕ್ಕೆ ಉತ್ತರೆ ಅಲಗುಗಳ ಕೆಳಗೆ ಗಟ್ಟಿ ಪದರ ಉಂಟಾಗಿ ಬೇರುಗಳಿಗೆ ತಡೆಯಾಗುತ್ತದೆ. ಮಣ್ಣಿಗೆ ಗಾಳಿ ಹೆಚ್ಚಾಗಿ ಸೇರುವುದರಿಂದ ಸಾವಯವ ಅಂಶ ಬೇಗ ಕರಗುತ್ತದೆ, ಎರೆಹುಳುಗಳೂ ನಾಶವಾಗುತ್ತವೆ.

ಗರಿಕೆ ಹಾಗೂ ಜೇಕಿನಂತಹ ಬಹುವಾರ್ಷಿಕ ಕಳೆಗಳಿರುವ ನೆಲದಲ್ಲಿ ಟಿಲ್ಲರ್ ವಿರುದ್ಧ ಫಲ ನೀಡಬಹುದು. ಗರಿಕೆಯ ಕಾಂಡದ ತುಂಡುಗಳೂ ಜೇಕಿನ ಗಡ್ಡೆಗಳೂ ಅಲಗುಗಳಿಂದ ನೆಲದುದ್ದಕ್ಕೂ ಹರಡಿ ಮತ್ತೆ ಚಿಗುರುತ್ತವೆ. ಇಂತಹ ಕಳೆಗಳನ್ನು ಮೊದಲು ಗುದ್ದಲಿಯಿಂದ ಅಗೆದು ಆರಿಸಿ ತೆಗೆಯುವುದು ಲೇಸು. ಬಿತ್ತನೆಗೆ ಮುನ್ನ ಒಂದೆರಡು ಸುತ್ತು ಉತ್ತು, ಬಳಿಕ ಒಣಹುಲ್ಲು ಅಥವಾ ತರಗೆಲೆಯ ಹೊದಿಕೆಯಿಂದ ಕಳೆಯನ್ನು ಹತೋಟಿಯಲ್ಲಿಟ್ಟರೆ ಯಂತ್ರದ ಬಳಕೆಯನ್ನು ಕಡಿಮೆ ಮಾಡಬಹುದು.

## ಕರ್ನಾಟಕದಲ್ಲಿ ಬಳಕೆ

ಕರ್ನಾಟಕದಲ್ಲಿ ಸಣ್ಣ ಟಿಲ್ಲರ್‌ಗಳನ್ನು ತರಕಾರಿ, ಹೂವು ಮತ್ತು ಹಿಪ್ಪುನೇರಳೆ ಬೆಳೆಗಳ ಸಾಲುಗಳ ನಡುವೆ ಹಾಗೂ ಅಡಿಕೆ, ತೆಂಗು, ಬಾಳೆ ತೋಟಗಳಲ್ಲಿ ಬಳಸಲಾಗುತ್ತದೆ. ಎತ್ತುಗಳ ಎಡೆಕುಂಟೆ ಮತ್ತು ಕೂಲಿಯಾಳುಗಳು ಮಾಡುತ್ತಿದ್ದ ಕಳೆ ಕೆಲಸದ ಒಂದು ಭಾಗವನ್ನು ಈ ಯಂತ್ರ ವಹಿಸಿಕೊಂಡಿದೆ. ಅಡಿಕೆ ಮತ್ತು ತೆಂಗಿನ ಬೇರುಗಳು ಮೇಲ್ಮಣ್ಣಿನಲ್ಲಿ ದಟ್ಟವಾಗಿ ಹರಡಿರುವುದರಿಂದ ಮರದ ಬುಡದ ಸಮೀಪ ಯಂತ್ರ ಓಡಿಸದೆ, ಅಲ್ಲಿನ ಕಳೆಯನ್ನು ಕೈಯಿಂದ ತೆಗೆಯಬೇಕಾಗುತ್ತದೆ.

ಕೇಂದ್ರ ಸರ್ಕಾರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ಇಂತಹ ಯಂತ್ರಗಳ ಖರೀದಿಗೆ ಸಹಾಯಧನ ಲಭ್ಯವಿದೆ. ರಾಜ್ಯದಲ್ಲಿ ‘ಕೃಷಿ ಯಂತ್ರಧಾರೆ’ ಹೆಸರಿನ ಬಾಡಿಗೆ ಕೇಂದ್ರಗಳು ರೈತರಿಗೆ ಯಂತ್ರೋಪಕರಣಗಳನ್ನು ಬಾಡಿಗೆಗೆ ನೀಡುತ್ತವೆ. ವರ್ಷಕ್ಕೆ ಕೆಲವೇ ದಿನಗಳ ಕೆಲಸವಿರುವ ಸಣ್ಣ ಹಿಡುವಳಿದಾರರಿಗೆ ಬಾಡಿಗೆಯಿಂದ ಖರೀದಿಯ ಹೊರೆಯೂ ನಿರ್ವಹಣೆಯ ವೆಚ್ಚವೂ ತಪ್ಪುತ್ತವೆ. ಖರೀದಿಸುವವರು ಯಂತ್ರದ ಅಶ್ವಶಕ್ತಿಯೊಂದಿಗೆ ಅದರ ತೂಕ, ಬೆಳೆಯ ಸಾಲುಗಳ ಅಂತರ ಹಾಗೂ ಬಿಡಿಭಾಗಗಳು ಸಮೀಪದಲ್ಲಿ ದೊರೆಯುವಿಕೆಯನ್ನೂ ಪರಿಗಣಿಸಬೇಕಾಗುತ್ತದೆ.